ಗಾಡಿಗೆ ಕಿವಿ ಕೊಟ್ಟ ಕಥೆ

ನಮ್ಮ ಮಾಂಬಳ್ಳಿಯಲ್ಲಿ ನನ್ನ ಕಿವಿಗೆ ಒಂದು ಹೆಸರಿದೆ. ರೇಷ್ಮೆ ಗೂಡನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗಿರುವ ಹುಳದ ಯೋಗಕ್ಷೇಮವನ್ನು ನಾನು ಹೇಳಬಲ್ಲೆ. ಗಟಗಟ ಎಂದರೆ ಗೂಡು ಚೆನ್ನಾಗಿದೆ. ಸದ್ದೇ ಇಲ್ಲವೆಂದರೆ ಹುಳ ಒಳಗೇ ಸತ್ತು ಅಂಟಿಕೊಂಡಿದೆ. ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ಹೋಗುವವರಿಗೆಲ್ಲ ಈ ವಿದ್ಯೆ ಗೊತ್ತು. ಆದರೆ ಎಲ್ಲರಿಗೂ ಗೊತ್ತಿರುವುದನ್ನು ತನಗೊಬ್ಬನಿಗೇ ಗೊತ್ತೆಂದು ಹೇಳಿಕೊಳ್ಳುವ ವಿದ್ಯೆ ನನಗೊಬ್ಬನಿಗೇ ಗೊತ್ತು.

ಆದ್ದರಿಂದ, ಹನೂರಿನ ಭಾವಮೈದನ ಮನೆಯಿಂದ ಒಬ್ಬನೇ ವಾಪಸು ಬರುವಾಗ ನಮ್ಮ ಹಳೇ ಪಿಕಪ್ ಗಾಡಿ ‘ಗಟಗಟ, ಗಟಗಟ’ ಎಂದಾಗ ನಾನು ಹೆದರಲಿಲ್ಲ. ಹುಳದ ನಾಡಿ ಹಿಡಿದವನಿಗೆ ಇಂಜಿನ್ ಯಾವ ಲೆಕ್ಕ! ಈ ಗಾಡಿಯ ಇಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಅಂದರೆ ರೋಗಿಯ ಮೇಲೆಯೇ ವೈದ್ಯ ಕೂತಿದ್ದ. ಪಕ್ಕದ ಸೀಟಿನ ಕೆಳಗೆ ಜಾಕು, ಹಗ್ಗ ತುಂಬುವ ಖಾನೆ. ಆ ಸೀಟಿನ ಸ್ಪ್ರಿಂಗು ಸತ್ತು ಎಷ್ಟೋ ಕಾಲವಾಗಿತ್ತು.

ಇಲ್ಲಿ ನನ್ನ ಹೆಂಡತಿ ಮಾದೇವಿಯ ವಿಷಯ ಹೇಳಬೇಕು. ಈ ಸಲದ ರೇಷ್ಮೆ ಬೆಳೆ ಪೂರ್ತಿ ಅವಳದು. ಸೊಪ್ಪು ಕೊಯ್ದವಳು ಅವಳು, ಹುಳಕ್ಕೆ ಹಾಕಿದವಳು ಅವಳು, ನಿದ್ದೆ ಕೆಟ್ಟವಳು ಅವಳು. ಸಲಹೆ ಕೊಡಲು ಹೋದ ನನ್ನನ್ನು ಹುಳುಮನೆಯ ಬಾಗಿಲಲ್ಲೇ ತಡೆದು, “ನೀವು ಒಳೀಕೆ ಕಾಲಿಡ್ಬ್ಯಾಡಿ. ಗೂಡಾದ್ ಮ್ಯಾಕೆ ಗಾಡೀಲಿ ಆಕ್ಕಂಡು ಕೊಳ್ಳೇಗಾಲ ಮುಟ್ಸಿ, ಅಷ್ಟೇ ಸಾಕು” ಎಂದಿದ್ದಳು. ಮುಟ್ಟಿಸುವುದು ತಡವಾದರೆ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡನ್ನು ಯಾರೂ ಮೂಸಿ ನೋಡುವುದಿಲ್ಲ. ಅವಳ ಬೆಳೆಯಲ್ಲಿ ನನಗೆ ಸಿಕ್ಕ ಏಕೈಕ ಜವಾಬ್ದಾರಿ ಗಾಡಿ. ಅದೇ ಈಗ ಗಟಗಟ ಎನ್ನುತ್ತಿತ್ತು.

“ಇಂಜಿನ್‌ನಲ್ಲಿ ಏನೋ ಸಡಿಲ ಆಗದೆ ಕಣಮ್ಮಿ. ಬಾ, ಕೇಳು” ಎಂದು ಮಾದೇವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರ ಮುಂದೆ ಒಂದು ಸುತ್ತು ಹೊಡೆದೆ. ಗಾಡಿ ತುಟಿ ಪಿಟಕ್ಕೆನ್ನಲಿಲ್ಲ.

“ಎಲ್ಲದೆ ಸದ್ದು?”

“ಈಗಿಲ್ಲ. ನಾನೊಬ್ನೇ ಇದ್ರೆ ಬತ್ತದೆ.”

ಅವಳು ಗಾಡಿಯಿಂದ ಇಳಿದಳು. “ಅದಿರ್ಲಿ, ನಮ್ಮವ್ವ ಕೊಟ್ಟಿದ್ ತಗಡಿನ ಡಬ್ಬ ಎಲ್ರೀ? ಕೋಡುಬಳೆ ಆಕಿಡ್ಬೇಕು.”

“ಇಲ್ಲಿ ಇಂಜಿನ್ ಸಾಯ್ತಾ ಅದೆ, ನಿಂಗೆ ಡಬ್ಬದ್ ಚಿಂತೆ” ಎಂದೆ.

ಮಾರನೆಯ ದಿನ ಕೊಳ್ಳೇಗಾಲದ ಸೆಲ್ವ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ. ದಾರಿಯುದ್ದಕ್ಕೂ ಗಟಗಟ. ಸದ್ದು ಯಾವ ಗೇರಿನಲ್ಲಿ ಬರುತ್ತದೆಂದು ನನಗೇ ಗೊತ್ತಿದ್ದರಿಂದ ಸ್ಟೇರಿಂಗನ್ನು ಬಿಟ್ಟುಕೊಡದೆ, ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿ ಬಸ್ ಸ್ಟ್ಯಾಂಡಿನವರೆಗೂ ಓಡಿಸಿದೆ. ಗಾಡಿ ಹೊಸ ಸೊಸೆಯ ಹಾಗೆ ಮೆಲ್ಲಗೆ ಹೋಯಿತು.

“ಸವುಂಡೇ ಇಲ್ವಲ್ಲ ಸಾ” ಎಂದ ಸೆಲ್ವ. “ಗಾಡಿ ಚೆನ್ನಾಗದೆ. ನೀವು ಓಗಿ ಒಸಿ ಮಲೀಕಳಿ.”

ಅವನನ್ನು ಇಳಿಸಿ ನೂರು ಮಾರು ಹೋಗಿರಲಿಲ್ಲ. ಗಟಗಟ!

ಊರಿಗೆ ಬಂದವನೇ ಪಕ್ಕದ ಮನೆಯ ನಂಜಪ್ಪನನ್ನು ಹತ್ತಿಸಿಕೊಂಡೆ. ಅವನು ಆಟೋ ಓಡಿಸುವವನು, ಯಂತ್ರಗಳ ಸಹವಾಸ ಬಲ್ಲವನು. ಅವನು ಕೂತ ತಕ್ಷಣ ಸದ್ದು ಮಾಯ. ಅವನು ಇಳಿದು, ಬಾನೆಟ್ಟಿಲ್ಲದ ಗಾಡಿಯ ಮೂತಿಯನ್ನು ಸವರಿ, ಗಂಭೀರವಾಗಿ ತೀರ್ಪು ಕೊಟ್ಟ. “ಗಾಡಿ ಕೆಟ್ಟಿಲ್ಲ ಕಣ್ಲಾ. ಗಾಡಿಗೆ ನಿನ್ ಕಂಡ್ರೆ ಆಗಾಕಿಲ್ಲ.”

ಸಂಜೆಗೆ ಈ ಮಾತು ಟೀ ಅಂಗಡಿ ಮುಟ್ಟಿತ್ತು. ಕಂಡಕಂಡವರು “ಗಾಡಿ ಇವತ್ತು ಮಾತಾಡ್ತಾ?” ಎಂದು ಕೇಳತೊಡಗಿದರು. ನನಗೆ ರೇಗಿತು. ಸತ್ಯವನ್ನು ಸಾಬೀತು ಮಾಡದೆ ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಅಷ್ಟರಲ್ಲಿ ಮಾದೇವಿಯ ಹುಳ ಗೂಡು ಕಟ್ಟಿಯಾಗಿತ್ತು. ಅವಳು ಹುಳ ಗೂಡು ಕಟ್ಟುವ ಬಿದಿರು ತಟ್ಟೆಯಾದ ಚಂದ್ರಿಕೆಯಿಂದ ಹಳದಿ ಗೂಡುಗಳನ್ನು ಒಂದೊಂದಾಗಿ ಬಿಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಬೆಳಗಾದರೆ ಮಾರುಕಟ್ಟೆ. ಆ ಮಧ್ಯಾಹ್ನ ನಾನು ಶಾಸ್ತ್ರೋಕ್ತವಾಗಿ ಪರೀಕ್ಷೆಗೆ ಕೂತೆ. ಡ್ರೈವರ್ ಸೀಟು ಎತ್ತಿದೆ. ಹಿತ್ತಲಿನ ಪರಂಗಿ ಎಲೆಯ ಉದ್ದನೆಯ ದಂಟನ್ನು ಕೊಯ್ದು, ಅದರ ಒಂದು ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಇಟ್ಟೆ. ಡಾಕ್ಟರ ಕೊಳವೆಗಿಂತ ಇದೇನು ಕಮ್ಮಿ? ಕೇಳಿಸಿದ್ದು ಬರೀ ಭೋರೆನ್ನುವ ಗದ್ದಲ. ಪರಂಗಿಯ ಹಾಲೂ ಇಂಜಿನ್ ಎಣ್ಣೆಯೂ ಸೇರಿ ಕಿವಿಗೆ ಇಳಿದದ್ದು ಮಾತ್ರ ಲಾಭ. ಕಿವಿ ಉರಿಯತೊಡಗಿದಾಗ ನನ್ನ ಸಿಟ್ಟು ನೆತ್ತಿಗೇರಿತು. ಇಂಜಿನ್ ಆರಿಸಿ, ಸ್ಪ್ಯಾನರ್ ತೆಗೆದುಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿದೆ, ಒರೆಸಿದೆ, ಬಿಗಿದೆ.

ಎಲ್ಲ ಬಿಗಿದ ಮೇಲೂ ನೆಲದ ಮೇಲೆ ಒಂದು ಬೋಲ್ಟು, ಒಂದು ಸಣ್ಣ ಪೈಪು ಉಳಿದವು. ಕಂಪನಿಯವರು ಹೆಚ್ಚಿಗೆ ಹಾಕಿರಬೇಕು ಎಂದುಕೊಂಡು ಜೇಬಿಗೆ ಹಾಕಿದೆ.

ಬೆಳಿಗ್ಗೆ ಚೀಲಗಳು ಜಗುಲಿಯ ಮೇಲೆ ಸಾಲಾಗಿ ಕೂತಿದ್ದವು. ಮಾದೇವಿ ಹೊಸ ಸೀರೆ ಉಟ್ಟು ಹೂವು ಮುಡಿದಿದ್ದಳು. ತನ್ನ ಬೆಳೆಯನ್ನು ತಾನೇ ಮಾರಲು ಹೊರಟಿದ್ದು ಅವಳಿಗೆ ಅದೇ ಮೊದಲು. ನಾನು ಕೀಲಿ ತಿರುಗಿಸಿದೆ. ಗಾಡಿ ಒಂದು ಸಲ ನರಳಿ ಸುಮ್ಮನಾಯಿತು. ಮತ್ತೆ ತಿರುಗಿಸಿದೆ. ನರಳಲೂ ಇಲ್ಲ.

ಅವಳು ಬಯ್ದಿದ್ದರೆ ಚೆನ್ನಾಗಿತ್ತು. ಚೀಲಗಳ ಕಡೆ ನೋಡಿದ ಅವಳ ಕಣ್ಣು ತುಂಬಿದ್ದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಯಿತು. ಮರುಗಳಿಗೆಗೇ ಅವಳು ಸೆರಗು ಸಿಕ್ಕಿಸಿ, “ನಂಜಪ್ಪಣ್ಣ, ಆಟೋ ತಕಂಬಾ. ನನ್ ಹುಳ ಇವ್ರ ಗಾಡಿ ಸರೋಗೋ ಗಂಟ ಕಾಯಾಕಿಲ್ಲ” ಎಂದು ಕೂಗಿದಳು.

ನಂಜಪ್ಪ ಆಟೋ ತಂದ. ಕೆಲವು ಚೀಲ ಒಳಗೆ, ಉಳಿದವು ಮೇಲೆ. ಮೇಲಿನವನ್ನು ಕಟ್ಟಲು ಹಗ್ಗ ಬೇಕಿತ್ತು.

“ಅಗ್ಗ ಎಲ್ಲದೆ?” ಎಂದ ನಂಜಪ್ಪ.

“ಪಕ್ಕದ್ ಸೀಟ್ ಕೆಳ್ಗೆ” ಎಂದೆ.

ಮಾದೇವಿ ಸೀಟು ಎತ್ತಿದಳು. ಹಗ್ಗ ಎಳೆದಳು. ಹಗ್ಗದ ಜೊತೆ ಅವಳ ತವರಿನ ತಗಡಿನ ಡಬ್ಬವೂ ಉರುಳಿ ಬಂತು.

ಗಟಗಟ.

ನಂಜಪ್ಪ ನನ್ನನ್ನು ನೋಡಿದ. ನಾನು ಹುಣಸೆ ಮರವನ್ನು ನೋಡಿದೆ. ಹಿಂದಿನ ಬೆಳೆಯಲ್ಲಿ ನಾನೇ ಒಂದೊಂದಾಗಿ ಅಲ್ಲಾಡಿಸಿ ಆರಿಸಿ, ಒಣಗಿಸಿ, ಭಾವಮೈದನಿಗೆ ತೋರಿಸಿ ಜಂಬ ಕೊಚ್ಚಲೆಂದು ಹನೂರಿಗೆ ಒಯ್ದಿದ್ದ ಅತ್ಯುತ್ತಮ ಗೂಡುಗಳು ಅದರಲ್ಲಿದ್ದವು. ಬರುವಾಗ ಜೋಪಾನವಾಗಿರಲಿ ಎಂದು ಸೀಟಿನ ಕೆಳಗೆ ಇಟ್ಟವನೂ ನಾನೇ. ಯಾರಾದರೂ ಪಕ್ಕದಲ್ಲಿ ಕೂತರೆ ಸ್ಪ್ರಿಂಗಿಲ್ಲದ ಸೀಟು ತಗ್ಗಿ ಡಬ್ಬವನ್ನು ಅದುಮಿ ಹಿಡಿಯುತ್ತಿತ್ತು. ಒಬ್ಬನೇ ಹೋದರೆ ಡಬ್ಬಕ್ಕೆ ಸ್ವಾತಂತ್ರ್ಯ. ಇಂಜಿನ್ನಿನ ಕಾವಿಗೆ ಒಣಗಿ ಒಣಗಿ ಗೂಡುಗಳು ದಿನದಿನಕ್ಕೂ ಇನ್ನೂ ಚೆನ್ನಾಗಿ ಸದ್ದು ಮಾಡುತ್ತಿದ್ದವು.

ಮಾದೇವಿ ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಥೇಟ್ ನನ್ನ ಹಾಗೆಯೇ ಅಲ್ಲಾಡಿಸಿದಳು. “ಗೂಡು ಚಂದಾಗದೆ” ಎಂದಳು. “ಕೆಟ್ಟೋಗಿರೋದು ಕಿವಿ.” ಆಮೇಲೆ ತಡೆಯಲಾಗದೆ ನಕ್ಕಳು. ಆಟೋ ಊರ ಬಾಗಿಲು ದಾಟುವವರೆಗೂ ಅವಳ ನಗು ಕೇಳುತ್ತಲೇ ಇತ್ತು.

ಅವಳ ಗೂಡು ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ಮುಟ್ಟಿತು. ಕೊಳ್ಳುವವರು ಅಲ್ಲಾಡಿಸಿ ಕೇಳಿ, ಮೆಚ್ಚಿ, ಪೈಪೋಟಿಯ ಮೇಲೆ ಹರಾಜು ಕೂಗಿದರಂತೆ. ಸಂಜೆ ಅವಳು ತನಗೊಂದು ಸೀರೆ, ನನಗೆ ಕಿವಿಗೆ ಹಾಕುವ ಔಷಧಿ ತಂದಳು.

ನಾನು ಟ್ರಾಕ್ಟರಿಗೆ ಗಾಡಿ ಕಟ್ಟಿಸಿಕೊಂಡು ಸೆಲ್ವನ ಗ್ಯಾರೇಜಿಗೆ ಮೆರವಣಿಗೆ ಹೋದೆ. ಅವನು ಕೈ ಒರೆಸಿಕೊಳ್ಳುತ್ತಾ ಬಂದ.

“ಏನ್ಸಾ, ಈಗ ಎಂಥಾ ಸವುಂಡು?”

ಜೇಬಿನಿಂದ ಬೋಲ್ಟನ್ನೂ ಪೈಪನ್ನೂ ತೆಗೆದು ಅವನ ಅಂಗೈ ಮೇಲಿಟ್ಟೆ.

“ಈಗ ಸದ್ದೇ ಇಲ್ಲ ಮೇಸ್ತ್ರಿ.”

ಸದ್ದಿಲ್ಲದಿದ್ದರೆ ಒಳಗೆ ಸತ್ತಿದೆ ಎಂದೇ ಅರ್ಥ. ಅಷ್ಟನ್ನು ಮಾತ್ರ ನನ್ನ ಕಿವಿ ಸರಿಯಾಗಿಯೇ ಹೇಳಿತ್ತು.