ನಾನು ಮಾಡಿಸಿದ ಸ್ಪಾರ್ಟನ್ ಲಗ್ನ

ಮಗಳ ಮದುವೆಯನ್ನು ಅತ್ಯಂತ ಸರಳವಾಗಿ ಮಾಡುತ್ತೇನೆಂದು ನಾನು ಗಡಿಯೂರು ಉಮರ್ಗಾ ತುಂಬ ಹೇಳಿಕೊಂಡು ತಿರುಗಿದ್ದೆ. ನಾನು ಅಲ್ಲಿಯ ಶಾಲೆಯೊಂದರಲ್ಲಿ ಇತಿಹಾಸದ ಮಾಸ್ತರ. ದೊಡ್ಡ ದೊಡ್ಡ ಸಾಮ್ರಾಜ್ಯಗಳು ಎಲ್ಲಿ ಎಡವಿದವು ಎಂದು ವರ್ಷ ವರ್ಷ ಹೇಳಿಕೊಡುವವನಿಗೆ ಒಂದು ಲಗ್ನ ಯಾವ ಲೆಕ್ಕ ಎಂಬ ಧೈರ್ಯ.

ವರನ ಕಡೆಯವರು ನಿಲಂಗಾದವರು. ಬೀಗರು ಮಾಳಪ್ಪನವರು ಕುರಿ ವ್ಯಾಪಾರಿಗಳು, ಬೀರಪ್ಪನ ಭಕ್ತರು, ಹೆಗಲಿಗೆ ಕಂಬಳಿ ಇಲ್ಲದೆ ಹೊಸ್ತಿಲು ದಾಟದವರು. ಮಾತುಕತೆಗೆ ನಮ್ಮ ಮನೆಗೆ ಬಂದ ದಿನ ಅವರು, "ಲಗ್ನ ಹ್ಯಾಂಗ ಮಾಡೂಣ್ರಿ ಬೀಗರ?" ಎಂದು ಕೇಳಿದರು.

"ಸ್ಪಾರ್ಟನ್ ಮಾಡೂಣ್ರಿ," ಎಂದೆ.

ಅವರು ಸುಮ್ಮನೆ ನನ್ನ ಮುಖ ನೋಡಿದರು. ಸುಮ್ಮನೆ ನೋಡುವವರನ್ನು ಕಂಡರೆ ಮಾಸ್ತರನಿಗೆ ಪಾಠ ಉಕ್ಕಿ ಬರುತ್ತದೆ. ಹಿಂದಿನ ಕಾಲದ ಗ್ರೀಸಿನಲ್ಲಿ ಸ್ಪಾರ್ಟಾ ಎಂಬ ಪಟ್ಟಣವಿತ್ತು ಎಂದು ಶುರುಮಾಡಿದೆ. ಅಲ್ಲಿ ಗಂಡುಮಕ್ಕಳನ್ನು ಏಳು ವರ್ಷಕ್ಕೇ ತಾಯಿಯ ಮಡಿಲಿಂದ ಬಿಡಿಸಿ ಸೈನಿಕರ ನಡುವೆ ಬೆಳೆಸುತ್ತಿದ್ದರು. ವರ್ಷಕ್ಕೆ ಒಂದೇ ಬಟ್ಟೆ. ಹಾಸಿಗೆ ಎಂದರೆ ಹೊಳೆದಂಡೆಯಲ್ಲಿ ಬರಿಗೈಯಲ್ಲಿ ಮುರಿದು ತಂದ ಆಪು ಹುಲ್ಲು. ಯಾರಿಗೂ ಆಸೆ ಹುಟ್ಟಬಾರದೆಂದು ದುಡ್ಡನ್ನೂ ಕಬ್ಬಿಣದಲ್ಲೇ ಮಾಡಿಸಿದ್ದರಂತೆ. ಊಟಕ್ಕೆ ಒಂದು ಕರೀ ಸಾರು. ಅದರ ರುಚಿ ನೋಡಿದ ಪರಊರಿನವನೊಬ್ಬ, ಇವರಿಗೆ ಸಾವಿನ ಹೆದರಿಕೆ ಯಾಕಿಲ್ಲ ಎಂದು ಈಗ ತಿಳಿಯಿತು ಅಂದನಂತೆ. ಸ್ಪಾರ್ಟಾದವರು ತಮ್ಮ ಬಗ್ಗೆ ಬರೆದುಕೊಂಡದ್ದು ಕಡಿಮೆ. ನೋಡಲು ಬಂದ ಬೇರೆ ಊರಿನವರೇ ಬೆರಗಾಗಿ ಬರೆದರು. ಹಾಗೆ ಬರೆದೂ ಬರೆದೂ ಆ ಊರಿನ ಹೆಸರೇ ಆಡಂಬರವಿಲ್ಲದ ಬದುಕಿಗೆ ಹೆಸರಾಯಿತು.

"ಇಂಗ್ಲಿಷಿನ್ಯಾಗ ಸ್ಪಾರ್ಟನ್ ಅಂದ್ರ ಸಾದಾ. ಏನೂ ದೌಲತ್ತಿಲ್ಲ," ಎಂದು ಮುಗಿಸಿದೆ.

ಚಹಾ ತಂದ ನನ್ನ ಹೆಂಡತಿ ಮಹಾನಂದಾ ಬಾಗಿಲಲ್ಲೇ ನಿಂತು ಕೇಳಿದಳು. "ಎಲ್ಲಾರೂ ಸಿಪಾಯಿ ಆದ್ರ ಹೊಲಾ ಯಾರು ಮಾಡ್ತಿದ್ರು?"

"ಅದಕ್ಕ ಗುಲಾಮರು ಇದ್ರು."

"ಅಂದ್ರ ಸಾದಾ ಇರೋರು ಬ್ಯಾರೆ, ದುಡಿಯೋರು ಬ್ಯಾರೆ," ಎಂದು ಕಪ್ಪು ಇಟ್ಟು ಒಳಗೆ ಹೋದಳು.

ಮಾಳಪ್ಪನವರು ಚಹಾ ಕುಡಿದು, "ನಿಮ್ಮ ಮರ್ಜಿ," ಎಂದರು. ಆ ಎರಡು ಶಬ್ದದಲ್ಲಿ ಸಂತೋಷ ಇತ್ತೋ ಸಿಟ್ಟು ಇತ್ತೋ ನಾನು ನೋಡಲಿಲ್ಲ.

ಮದುವೆ ನಿಲಂಗಾದ ಒಂದು ಮಂಗಲ ಕಾರ್ಯಾಲಯದಲ್ಲಿ. ಮಂಟಪ, ಊಟ ಎರಡರ ಗುತ್ತಿಗೆಯನ್ನೂ ಉದಗೀರದ ಬಾಳೂಗೆ ಕೊಟ್ಟೆ. ಅವನ ಮನೆಮಾತು ಮರಾಠಿ, ಕನ್ನಡ ಗಿರಾಕಿಗಳ ಜೊತೆ ಕಲಿತದ್ದು. ಅವನು ಹೂವಿನ ಕಮಾನು, ಬಣ್ಣದ ಕಾರಂಜಿ ಎಂದು ಚಿತ್ರ ತೋರಿಸತೊಡಗಿದ. ನಾನು ಕೈ ಅಡ್ಡ ಹಿಡಿದೆ.

"ಇವು ಯಾವೂ ಬ್ಯಾಡ. ನನಗ ಸ್ಪಾರ್ಟನ್ ಬೇಕು."

"ಸ್ಪಾರ್ಟನ್? ನಾ ಮಾಡಿಲ್ಲ ಗುರುಜಿ."

"ಮೊಬೈಲಿನ್ಯಾಗ ನೋಡು. ಎಲ್ಲಾ ಬರ್ತದ."

ಇದಕ್ಕಿಂತ ದೊಡ್ಡ ತಪ್ಪು ಮಾಡಲು ಮನುಷ್ಯನಿಗೆ ಬೇರೆ ಅವಕಾಶ ಸಿಗುವುದು ಕಷ್ಟ. ಆದರೆ ನನಗೆ ಸಿಕ್ಕಿತು. ಕೆಲವು ದಿನಗಳ ಮೇಲೆ ಬಾಳೂ ಫೋನು ಮಾಡಿದಾಗ ನಾನು ತರಗತಿಯಲ್ಲಿದ್ದೆ, ಹುಡುಗರು ಗದ್ದಲ ಹಾಕುತ್ತಿದ್ದರು.

"ಗುರುಜಿ, ಕೆಂಪು ಬಟ್ಟಿ ನಡೀತದ?"

"ನಡೀತದ. ಅವರದೂ ಕೆಂಪೇ ಇತ್ತು."

"ಬಾಗಿಲಿಗೆ ಗಟ್ಟಿ ಮಂದಿ ನಿಲ್ಲಸ್ಲಿ?"

ಅತಿಥಿಗಳನ್ನು ಎದುರುಗೊಳ್ಳಲು ಎಂದುಕೊಂಡು, "ನಿಲ್ಲಸು," ಎಂದೆ.

"ಮತ್ತ ಢಾಲ್ ಎಷ್ಟು ಬೇಕು?"

ಊಟದ ಗುತ್ತಿಗೆದಾರ ಇನ್ನೇನು ಕೇಳಿಯಾನು, ದಾಲ್ ಕೇಳುತ್ತಿದ್ದಾನೆ ಎಂದುಕೊಂಡೆ. "ಭರಪೂರ ಇರಲಿ. ಬಂದ ಮಂದಿಗೆ ಕಮ್ಮಿ ಬೀಳಬಾರದು."

ಮದುವೆಯ ದಿನ ಬೆಳಿಗ್ಗೆ ನಮ್ಮ ಬಸ್ಸು ಕಾರ್ಯಾಲಯದ ಮುಂದೆ ನಿಂತಿತು. ನಾನು ಇಳಿದವನು ಇಳಿದಲ್ಲೇ ಉಳಿದೆ. ದಾರಕ್ಕೆ ಕಟ್ಟಿ ತೂಗಿದ ಮಾವಿನೆಲೆ ಇರಬೇಕಾದಲ್ಲಿ ತಾಳೆಮರದಷ್ಟು ಎತ್ತರದ ಬಿಳಿ ಕಂಬಗಳು. ಬಾಗಿಲಿಗೆ ಎರಡು ಸಾಲು ಪೈಲವಾನರು, ಉದಗೀರದ ತಾಲೀಮು ಮನೆಯಿಂದ ಹಿಡಿದು ತಂದವರು. ಬರಿ ಮೈ, ಬೆನ್ನಿಗೆ ಕೆಂಪು ನಿಲುವಂಗಿ, ಕೈಯಲ್ಲಿ ಭರ್ಜಿ, ತಲೆಗೆ ಕಂಚಿನ ಬಣ್ಣದ ಶಿರಸ್ತ್ರಾಣ. ಅದರ ತುರಾಯಿ ಮಾತ್ರ ಹತ್ತಿರ ಹೋಗಿ ನೋಡಿದರೆ ಕಸಬರಿಗೆಯದು. ಎಲ್ಲೆಲ್ಲೂ ಗುರಾಣಿಗಳು: ಗೋಡೆಗೆ, ಕಂಬಕ್ಕೆ, ಊಟದ ಮೇಜಿಗೆ. ಆಗ ಹೊಳೆಯಿತು. ಮರಾಠಿಯಲ್ಲಿ ಗುರಾಣಿಗೆ ಢಾಲ್ ಎನ್ನುತ್ತಾರೆ. ಭರಪೂರ ಇರಲಿ ಎಂದವನು ನಾನೇ.

"ಏನ್ರೀ," ಎಂದಳು ಮಹಾನಂದಾ, "ಯುದ್ಧ ಯಾರ ಮ್ಯಾಲ?"

ಅಷ್ಟರಲ್ಲಿ ಡೊಳ್ಳಿನ ಸದ್ದಿನೊಂದಿಗೆ ವರನ ದಿಬ್ಬಣ ಬಂದೇ ಬಿಟ್ಟಿತು. ಮುಂದೆ ಮಾಳಪ್ಪನವರು. ಅವರು ಬಾಗಿಲಿಗೆ ಕಾಲಿಡುವುದಕ್ಕೂ ಪೈಲವಾನರು ಖಣಖಣ ಎಂದು ಭರ್ಜಿಗಳನ್ನು ಅಡ್ಡ ಹಿಡಿಯುವುದಕ್ಕೂ ಸರಿಹೋಯಿತು. ಡೊಳ್ಳು ನಿಂತಿತು. ಕೊಂಬು ಊದಿದ ಮೇಲೆಯೇ ಭರ್ಜಿ ತೆಗೆಯಬೇಕೆಂದು ಬಾಳೂ ಕಲಿಸಿದ್ದನಂತೆ. ಕೊಂಬು ಊದುವವನು ಸುಸಲಾ ತಿನ್ನಲು ಹೋಗಿದ್ದ.

ಹುಡುಗನ ತಂದೆಯನ್ನು ಹೆಣ್ಣಿನ ಕಡೆಯವರು ಭರ್ಜಿ ಹಿಡಿದು ತಡೆದ ಲಗ್ನ ಮುಂದೆ ಸಾಗಿದ್ದನ್ನು ನಾನಂತೂ ಕೇಳಿಲ್ಲ. ಮದುಮಗಳು ಹಿಂದಿನಿಂದ ನನ್ನ ತೋಳು ಹಿಡಿದು, "ಅಪ್ಪಾ, ಏನರೆ ಮಾತಾಡು," ಎಂದಳು.

ಮಾಳಪ್ಪನವರು ತಮ್ಮ ಕೋಲಿನಿಂದ ಒಂದು ಗುರಾಣಿಯನ್ನು ತಟ್ಟಿ ನೋಡಿದರು. ಥರ್ಮೊಕೋಲು. "ಇದೇನ್ರಿ ಬೀಗರ?"

"ಸ್ಪಾರ್ಟಾ ರೀ," ಎಂದೆ.

"ಸಾದಾ ಅಂದಿದ್ರಿ."

"ಹೌದ್ರಿ."

"ನಿಮ್ಮ ಕಡೀ ಸಾದಾ ಅಂದ್ರ ಇಷ್ಟ ಇರ್ತದೇನು?" ಎಂದು ಅವರು ಕಂಬಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ಮೀಸೆಯ ಕೆಳಗೆ ನಗು ಕಾಣಿಸಿತು. "ಮಾಸ್ತರ ನಮ್ಮ ಹಿರಿಮಗನ ಲಗ್ನ ಸಾದಾ ಮಾಡ್ತಾನಂತ ನಮ್ಮನಿಯಾಕಿ ಅವತ್ತಿಂದ ಮಾರಿ ತಿರುವಿಕೊಂಡಿದ್ಳು. ಈಗ ನೋಡ್ರಿ ಆಕಿನ್ನ."

ನೋಡಿದೆ. ಬೀಗಿತ್ತಿ ಆಗಲೇ ಒಬ್ಬ ಪೈಲವಾನನ ಭರ್ಜಿ ಇಸಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾಳಪ್ಪನವರು ಪಟಗದ ಮೇಲೆಯೇ ಶಿರಸ್ತ್ರಾಣ ಏರಿಸಿ ಪಕ್ಕಕ್ಕೆ ಹೋಗಿ ನಿಂತರು. ಅಕ್ಷತೆಯ ಮುಹೂರ್ತ ಫೋಟೋದವರ ಸಾಲು ಕರಗುವವರೆಗೆ ಕಾಯಬೇಕಾಯಿತು. ಊಟಕ್ಕೆ ದಾಲ್ ಕಡಿಮೆ ಬಿತ್ತು. ಅದನ್ನು ಯಾರೂ ಹೆಚ್ಚಿಗೆ ಹೇಳಿರಲಿಲ್ಲವಂತೆ.

ಹದಿನೈದು ದಿನ ಕಳೆದಿರಬೇಕು, ಜಳಕೋಟದ ದೂರದ ನೆಂಟರೊಬ್ಬರು ಪೇಢೆ ಹಿಡಿದು ಬಂದರು. "ಗುರುಜಿ, ನಮ್ಮ ಹುಡುಗಂದೂ ಸ್ಪಾರ್ಟನ್ ಮಾಡಬೇಕಂತೀವಿ. ಮುರುಮದಾಗ ಒಬ್ಬರು ಸ್ಪಾರ್ಟನ್ ಲಗ್ನಕ್ಕ ಆನಿ ತರಿಸ್ತಾರಂತ. ಅವರಕಿಂತ ಸ್ಪಾರ್ಟನ್ ಆಗಬೇಕು ನೋಡ್ರಿ."

ಹಿಡಿ ಆಪಿನ ಮೇಲೆ ಮಲಗಿ, ಕರೀ ಸಾರು ಕುಡಿದು ಒಂದು ಊರು ಶತಮಾನಗಳ ಕಾಲ ಗಳಿಸಿದ ಹೆಸರು. ಉಮರ್ಗಾದಿಂದ ಉದಗೀರದವರೆಗೆ ಅದರ ಅರ್ಥ ಈಗ ತಲೆಕೆಳಗು. ಅದಕ್ಕೆ ಬೇಕಾದದ್ದು ಒಬ್ಬ ಇತಿಹಾಸದ ಮಾಸ್ತರ ಮಾತ್ರ. ತಿದ್ದಿ ಹೇಳೋಣವೆಂದು ಬಾಯಿ ತೆರೆದೆ. ಮಹಾನಂದಾ ಒಂದು ಪೇಢೆಯನ್ನು ನನ್ನ ಬಾಯಿಗೆ ಇಟ್ಟು, ಬಂದವರಿಗೆ ಬಾಳೂನ ಫೋನ್ ನಂಬರು ತಾನೇ ಹೇಳಿದಳು.