ಹರವಿ ನೀರಿನ ಉದ್ದೇಶ ಪರಿಶೀಲನೆ

ಕೂಡ್ಲಿಗಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಈಚಿನ ತಿಂಗಳುಗಳಲ್ಲಿ ಅಶುದ್ಧ ಉದ್ದೇಶದಿಂದ ದೇವರ ಸೇವೆ ನಡೆದ ಪ್ರಕರಣ ಒಂದೂ ವರದಿಯಾಗಿಲ್ಲ ಎಂದು ತಿಳಿಸಲು ಸಂತೋಷಪಡುತ್ತೇನೆ. ಇದು ತಾನಾಗಿ ಆದದ್ದಲ್ಲ. ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯಲ್ಲಿ ಕಡತ ನೋಡಿದ ಭೀಮರಾಜನೆಂಬ ನಾನು, ನಿವೃತ್ತನಾದ ಮೇಲೂ ಸುಮ್ಮನೆ ಕೂರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಪಾಸ್ಟರ್ ಅಯ್ಯನವರು, "ಸೇವಾ ಯಾಕ ಮಾಡ್ತೀವಿ ಅಂತ ನಮ್ಮ ಎದಿ ನಾವ ಮುಟ್ಟಿ ನೋಡ್ಕೋಬೇಕು" ಎಂದು ಪ್ರಸಂಗ ಮಾಡಿದರು. ಒಳ್ಳೆಯ ಮಾತು. ಆದರೆ ಎದೆಯನ್ನು ತಾವೇ ಮುಟ್ಟಿ ನೋಡಿಕೊಂಡರೆ ದಾಖಲೆ ಎಲ್ಲಿರುತ್ತದೆ, ಹೇಳಿ? ಆ ವಾರವೇ ಉದ್ದೇಶ ಪರಿಶೀಲನಾ ಸಮಿತಿ ರಚನೆಯಾಯಿತು. ನಾನು ಅಧ್ಯಕ್ಷ, ಬರೆದುಕೊಳ್ಳಲು ರಮಾ ಟೀಚರ್. ಹೊಗಳಿಕೆಯ ಆಸೆಯಾಗಲಿ, ಸ್ವಂತ ಖುಷಿಯಾಗಲಿ ಬೆರೆತ ಸೇವೆಯನ್ನು ಕೂಡಲೇ ತಡೆಹಿಡಿಯತಕ್ಕದ್ದು ಎಂಬುದು ಒಂದನೇ ನಿಯಮ.

ಮೊದಲ ಪ್ರಕರಣ ಮಾರೆಮ್ಮನದು. ಹದಿನಾರು ವರ್ಷದಿಂದ ಪ್ರತಿ ಭಾನುವಾರ ಬೋರಿನ ನೀರು ಹೊತ್ತು ತಂದು ಚರ್ಚಿನ ಬಾಗಿಲ ಬಳಿಯ ಮಣ್ಣಿನ ಹರವಿ ತುಂಬಿಸುತ್ತಿದ್ದಳು.

"ನೀರು ಯಾಕ ತುಂಬಸ್ತೀಯವ್ವಾ?"

"ಬಿಸಿಲಾಗ ಬಂದಿರ್ತಾರಲ್ರಿ ಅಣ್ಣಾ, ನೀರಡಿಕಿ ಆಗಿರ್ತೈತಿ."

"ಅದು ಜನರ ಕಾರಣ. ನಿಂದು ಹೇಳು."

ಮಾರೆಮ್ಮ ಯೋಚಿಸಿದಳು. ಪಾಪ, ಸುಳ್ಳು ಹೇಳಲು ಬಾರದ ಹೆಣ್ಣುಮಗಳು. "ಕುಡದವ್ರು 'ಎಷ್ಟು ತಣ್ಣಗೈತವ್ವಾ' ಅಂತಾರ್ರಿ. ಅದನ್ನ ಕೇಳಿದ್ರ ವಾರಪೂರ್ತಿ ಛಲೋ ಅನಸ್ತೈತಿ. ಮನ್ಯಾಗ ನನಗ ಹಂಗ ಯಾರು ಅಂತಾರ್ರಿ?"

"ಹೊಗಳಿಕಿ ಒಂದು, ಖುಷಿ ಎರಡು. ಬರ್ಕೊಳ್ರಿ ಟೀಚರ್," ಎಂದೆ.

"ಹಂಗಾರ ನಿಮ್ಮದು ಯಾರು ನೋಡ್ತಾರ್ರಿ ಅಣ್ಣಾ?"

ಪ್ರಶ್ನೆ ಸಹಜವೇ. ಪರಿಶೀಲಿಸುವವರ ಉದ್ದೇಶ ಶುದ್ಧವೆಂದೇ ಭಾವಿಸತಕ್ಕದ್ದು ಎಂಬ ಏಳನೇ ನಿಯಮವನ್ನು ಓದಿ ಹೇಳಿದೆ. ಆಗತಾನೇ ಬರೆದದ್ದರಿಂದ ಶಾಯಿ ಸ್ವಲ್ಪ ಕೈಗೆ ಹತ್ತಿತು.

ಮಾರೆಮ್ಮನ ಸೇವೆಯನ್ನು ಆರು ತಿಂಗಳು ತಡೆಹಿಡಿಯಲಾಯಿತು. "ನೀರು ತರೋದೊಂದು ಬಿಡಸಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅತ್ತಳು. ನಿಜ ಹೇಳಬೇಕೆಂದರೆ ನನಗೂ ಕರುಳು ಚುರುಕ್ಕೆಂದಿತು. ಅದನ್ನು ಕಡತದಲ್ಲಿ ನಮೂದಿಸಲು ಕಾಲಂ ಇರಲಿಲ್ಲ.

ಖಾಲಿಯಾದ ಜಾಗಕ್ಕೆ ಬಸ್ ಡಿಪೋದ ಗಾದಿಲಿಂಗಪ್ಪ ಅರ್ಜಿ ಹಾಕಿದ. ಎಲ್ಲ ಕಾಲಂಗಳಲ್ಲೂ 'ಯಾವ ಉದ್ದೇಶವೂ ಇಲ್ಲ' ಎಂದು ಬರೆದಿದ್ದ. ಶುದ್ಧತೆಯ ಸರ್ಟಿಫಿಕೇಟ್ ಕೊಟ್ಟೆವು. ಮುಂದಿನ ಭಾನುವಾರ ಹರವಿ ಒಣಗಿತ್ತು.

"ಯಾಕಪ್ಪಾ?"

"ತುಂಬಿಸಿದ್ರ ಜನ ಛಲೋ ಅಂತಾರ. ಅಂದ್ರ ನನಗ ಖುಷಿ ಆಗ್ತೈತಿ. ಸರ್ಟಿಫಿಕೇಟ್ ಕೆಡ್ತೈತಲ್ರೀ!"

ಆತನ ಎಚ್ಚರಿಕೆಯನ್ನು ಸಮಿತಿ ಮೆಚ್ಚಿಕೊಂಡಿತು. ಬಳಿಕ ಹಾಡುವವರು, ಕಸ ಗುಡಿಸುವವರು, ರೋಗಿಗಳ ಮನೆಗೆ ಹೋಗಿ ಪ್ರಾರ್ಥಿಸುವವರು ಒಬ್ಬೊಬ್ಬರಾಗಿ ಸರ್ಟಿಫಿಕೇಟ್ ಪಡೆದು, ಅದನ್ನು ಕಾಪಾಡಿಕೊಳ್ಳಲು ಸುಮ್ಮನಾದರು. ಪಾಸ್ಟರ್ ಅಯ್ಯನವರೂ ಈಗ ಪ್ರಸಂಗ ಮಾಡದೆ ಕಣ್ಣು ಮುಚ್ಚಿ ಕೂರುತ್ತಾರೆ. ನಾವು ಮನೆಯಿಂದ ತಂದ ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಒಂದೂವರೆ ಗಂಟೆ ಕೂತು ಏಳುತ್ತೇವೆ. ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ವಿಶ್ವಾಸಿಗಳು ನಿಯಮಾವಳಿಯ ಜೆರಾಕ್ಸ್ ಕೇಳಿದ್ದಾರೆ.

ಆರು ತಿಂಗಳಿಗೆ ಮಾರೆಮ್ಮನ ಮರುಪರಿಶೀಲನೆ ನಡೆಯಿತು.

"ಹೊಗಳಿಕಿ ಆಸಿ ಐತೇನವ್ವಾ?"

"ಇಲ್ರಿ."

"ಖುಷಿ?"

"ಇಲ್ರಿ."

"ಜನರಿಗೆ ನೀರಡಿಕಿ ಆಗೈತಿ ಅಂತ ಮರುಕ?"

"ಮೊದಲ ಇತ್ರಿ ಅಣ್ಣಾ. ಈಗ ಅದೂ ಇಲ್ಲ. ಭಾನುವಾರ ಬಂದದ್ದ ಗೊತ್ತಾಗಂಗಿಲ್ರಿ."

ಇಷ್ಟು ಶುದ್ಧವಾದ ಉದ್ದೇಶವನ್ನು ಸಮಿತಿ ಅದುವರೆಗೆ ಕಂಡಿರಲಿಲ್ಲ. ನಾನು ಎದ್ದು ನಿಂತು ಸರ್ಟಿಫಿಕೇಟ್ ಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರೆಮ್ಮ ಅದನ್ನು ಒಣಗಿದ ಹರವಿಯ ಬಾಯಿಗೆ ಮುಚ್ಚಿ, ಮೇಲೊಂದು ಕಲ್ಲಿಟ್ಟು ಮನೆಗೆ ಹೋದಳು. ಒಳಗೆ ಧೂಳು ಬೀಳದಿರಲೆಂದು ನಾವೂ ಅದನ್ನು ಹಾಗೇ ಬಿಟ್ಟಿದ್ದೇವೆ.