ನೀರಿನ ಟಾಕಿಯೊಳಗೆ ಕಟ್ಟಿದ ಹಾಲ್

ಮನುಷ್ಯ ಸುಳ್ಳು ಹೇಳುವುದು ದುರಾಸೆಯಿಂದ ಎನ್ನುತ್ತಾರೆ. ನಾನು ಹೇಳಿದ್ದು ಜಾಗ ಸಾಲದೆ. ಮದುವೆಯ ಮಾತುಕತೆಯಲ್ಲಿ ಗದಗಿನ ಮಾವ, "ಮುಂಬೈ ಕಡೆ ಮನಿ ಸಣ್ಣವಂತಲ್ರಿ?" ಎಂದು ಕೇಳಿದರು. "ನಮ್ಮದು ಹಾಲ್ ಐತ್ರಿ" ಎಂದುಬಿಟ್ಟೆ. ಡೊಂಬಿವಲಿಯ ನನ್ನ ಒಂದೇ ಖೋಲಿಯಲ್ಲಿ ಮಂಚದ ಮೇಲೆ ಕುಳಿತೇ ಒಗ್ಗರಣೆ ಹಾಕಬಹುದಿತ್ತು. ಹೆಂಡತಿ ಶಾರದೆ ಬಂದು ನೋಡಿ, ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ನನ್ನ ಮಾನ ಉಳಿಸಲು ಒಪ್ಪಿಕೊಂಡಳು.

ಮಾವ ಹಾರ್ಮೋನಿಯಂ ಮಾಸ್ತರರು. ಹೊಸದಾಗಿ ಟೇಪ್ ರೆಕಾರ್ಡರ್ ಕೊಂಡವರು, ಮಗಳ ದೇವರನಾಮ ತುಂಬಿಸಿ ಕಳಿಸಿ ಎಂದು ಬರೆದರು. ಶಾರದೆ ಹಾಡಿದಳು. ನೌಪಾಡಾದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಉಡುಪಿಯ ಗೆಳೆಯ ಶೀನಣ್ಣ ಆ ಕ್ಯಾಸೆಟ್ ಕೇಳಿ ತಲೆಯಾಡಿಸಿದ. "ಕಪಾಟಿನ ಒಳಗೆ ಕೂತು ಹಾಡಿದ ಹಾಗೆ ಉಂಟಲ್ಲ ಮಾರಾಯ್ರೆ! ಸ್ವಲ್ಪ ರಿವರ್ಬ್ ಹಾಕ್ಬೇಕು." ರಿವರ್ಬ್ ಎಂದರೆ, ದೊಡ್ಡ ಖಾಲಿ ಜಾಗದಲ್ಲಿ ದನಿ ಗೋಡೆಗೋಡೆಗೆ ತಾಗಿ ಗುಂಯ್ಯೆಂದು ಕರಗುತ್ತದಲ್ಲ, ಅದು. ಅದನ್ನು ಹಾಡಿಗೆ ಬೆರೆಸಿದರೆ ಕೇಳುವವರ ಕಿವಿಯಲ್ಲಿ ತಾನಾಗಿ ಹಾಲ್ ಏಳುತ್ತದಂತೆ. ಸಿಮೆಂಟೂ ಬೇಡ, ಬಿಲ್ಡರನೂ ಬೇಡ!

ನಮ್ಮ ಬಿಲ್ಡಿಂಗಿನಲ್ಲಿದ್ದ ಒಂದೇ ದೊಡ್ಡ ಖಾಲಿ ಜಾಗವೆಂದರೆ ಟೆರೇಸಿನ ಮೇಲಿನ ನೀರಿನ ಟಾಕಿ. ನೀರು ಬರದ ಊರಿನಲ್ಲಿ ಅದಕ್ಕಿಂತ ಖಾಲಿಯಾದದ್ದು ಏನಿದೆ? ಭಾನುವಾರ ಬೆಳಿಗ್ಗೆ ಶೀನಣ್ಣ ಮೇಲಿನಿಂದ ಸ್ಪೀಕರ್ ಇಳಿಬಿಟ್ಟು ಹಾಡು ಹಾಕಿದ. ಆ ಗುಂಯ್ ತುಂಬಿಸಿಕೊಳ್ಳಲು ನಾನು ಟಾಕಿಯೊಳಗೆ ಮೂಲೆಯಲ್ಲಿ ಮೈಕ್ ಹಿಡಿದು ಕುಕ್ಕುರುಗಾಲಲ್ಲಿ ಕುಳಿತೆ. ಸೊಸೈಟಿಯ ಸೆಕ್ರೆಟರಿ ಬಗ್ಗಿ ನೋಡಿ, ಬಕೆಟ್ ಬಿತ್ತೇ ಎಂದು ಮರಾಠಿಯಲ್ಲಿ ಕೇಳಿದರು. ಹೌದೆಂದೆ. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

ಬಳಿಕ ಅಂಗಡಿಯಲ್ಲಿ ಬೆರಕೆಯ ಕೆಲಸ. ಶಾರದೆಯ ದನಿಗೆ ಚೂರೇ ಗುಂಯ್, ಆಗ ಅವಳು ಎದುರಿಗೇ ಕುಳಿತಂತೆ. ಬೇರೆಯಾಗಿ ತುಂಬಿಸಿ ತಂದಿದ್ದ ಕುಕ್ಕರಿನ ಸೀಟಿಗೆ ಹೆಚ್ಚು, ಆಗ ಅಡುಗೆಮನೆ ದೂರ. ಶೀನಣ್ಣ, "ಸಾಕು ಮಾರಾಯ್ರೆ" ಎಂದ. ನಾನು ಕೇಳಲಿಲ್ಲ. ನನ್ನ ಅಡುಗೆಮನೆ ಮುಂದಿನ ಸ್ಟೇಷನ್ ಠಾಕುರ್ಲಿಯನ್ನೂ ದಾಟಿ ಕಲ್ಯಾಣ ತಲುಪಿತು.

ಕ್ಯಾಸೆಟ್ ಕಳಿಸಿದ ವಾರದಲ್ಲೇ ಮಾವನ ಪತ್ರ ಬಂತು: "ಹಾಲ್ ಕೇಳಿ ಬಹಳ ಸಂತೋಷವಾಯಿತು. ನೋಡಲು ಬರುತ್ತಿದ್ದೇನೆ."

ಬಂದರು. ಬಾಗಿಲಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ ಕಿವಿಗೊಟ್ಟರು. ಏನೂ ತಿರುಗಿ ಬರಲಿಲ್ಲ. "ಅಳಿಯಂದ್ರ, ಆ ಹಾಲ್ ಎಲ್ಲೈತ್ರಿ?"

ಟೆರೇಸಿಗೆ ಕರೆದುಕೊಂಡು ಹೋಗಿ, ಟಾಕಿಯ ಮುಚ್ಚಳ ತೆರೆದು ತಪ್ಪೊಪ್ಪಿಕೊಂಡೆ. ಮಾವ ಬಗ್ಗಿ ಒಂದು 'ಸಾ' ಹಿಡಿದರು. ಟಾಕಿ ಅದನ್ನು ಇಡಿಯಾಗಿ ಹಿಂತಿರುಗಿಸಿತು. ಅವರ ಕಣ್ಣು ತುಂಬಿ ಬಂತು. "ಇಂಥಾ ಹಾಲ್ ಗದಗಿನ್ಯಾಗೂ ಇಲ್ರಿ! ಶಾರದಾನ ಅವ್ವಗ ಮಾತ್ರ ಹೇಳಬ್ಯಾಡ್ರಿ, ಆಕಿ ಎದಿ ಒಡಕೋತಾಳ. ನಾನ ಒಂದು ಕ್ಯಾಸೆಟ್ ತುಂಬತೀನಿ." ಅರವತ್ತು ದಾಟಿದ ಮನುಷ್ಯ ಕಚ್ಚೆ ಬಿಗಿದು ಏಣಿಯಿಂದ ಟಾಕಿಯೊಳಗೆ ಇಳಿದು, "ಮನಿ ಭಾಳ ದೊಡ್ಡದೈತಿ, ಆರಾಮ ಇದೀನಿ" ಎಂದು ಮೂರು ಸಲ ಕೂಗಿದರು. ಹೆತ್ತ ಅಪ್ಪನ ಮೇಲೂ ನನಗೆ ಅಷ್ಟು ಪ್ರೀತಿ ಉಕ್ಕಿರಲಿಲ್ಲ.

ಅತ್ತೆ ಆ ಕ್ಯಾಸೆಟ್ ಕೇಳಿ, ಅಷ್ಟು ಜಾಗವಿದ್ದರೆ ನಾವೇಕೆ ಇಲ್ಲಿರಬೇಕೆಂದು, ಏಳು ಮಂದಿಯನ್ನು ಕಟ್ಟಿಕೊಂಡು ಬಂದಿದ್ದಾರೆ. ದೀಪಾವಳಿ ಮುಗಿಸಿಯೇ ಹೋಗುವುದಂತೆ. ಖೋಲಿಯಲ್ಲಿ ನನ್ನೊಬ್ಬನಿಗೆ ಜಾಗ ಸಾಲದ್ದರಿಂದ, ಟಾಕಿಗೆ ಒರಗಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗಿಳಿದು ನನ್ನ ಹಾಲ್‌ನಲ್ಲಾದರೂ ಕಾಲು ಚಾಚೋಣವೆಂದು ಮುಚ್ಚಳ ತೆರೆದರೆ, ಹಾಳಾದ್ದು, ಇವತ್ತೇ ನೀರು ಬಂದಿದೆ.